ಕಾಲೇಜಿನ ಟೆರೇಸ್ ಮೇಲೆ ಮೂರು ಆಂಟೆನಾ, ಒಂದು ಆರ್‌ಟಿಎಲ್-ಎಸ್‌ಡಿಆರ್ ಅನ್ನೋ ಪುಟ್ಟ ರೇಡಿಯೋ ರಿಸೀವರ್ ಇಟ್ಟು, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಹಿಡಿಯಬಹುದಾ?

ಆಗಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೀರಿ, ಪಾರ್ಟಿಕಲ್ ಡಿಟೆಕ್ಟರ್ ಕಟ್ಟುತ್ತಾ ಕೂತರೆ ಪ್ರಾಜೆಕ್ಟ್ ತಡವಾಗುತ್ತೆ, ಆ ಕಿರಣ ಗಾಳಿಗೆ ಬಡಿದಾಗ ಏಳುವ ರೇಡಿಯೋ ಪಲ್ಸ್ ಹಿಡಿದು ಬರೀ ರೇಡಿಯೋದಲ್ಲೇ ಮುಗಿಸೋಣ ಅಂತ ಬರೆದಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ.

ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡುವಾಗ ಊರಾಚೆ ಹೊಲದ ಪಕ್ಕ ನಮ್ಮ ಆಂಟೆನಾಗಳಿದ್ದವು. 30ರಿಂದ 80 ಮೆಗಾಹರ್ಟ್ಸ್ ಫಿಲ್ಟರ್. ಸಿಂಟಿಲೇಟರ್‌ಗಳು (ಕಣ ಹಾದಾಗ ಮಿನುಗುವ ಡಿಟೆಕ್ಟರ್) ಇನ್ನೂ ತಯಾರಾಗಿರಲಿಲ್ಲ. ಸುಮ್ನೆ ಯಾಕೆ ಕಾಯಬೇಕು, ಸಿಗ್ನಲ್ ಜೋರಾದಾಗ ಆಂಟೆನಾದಿಂದಲೇ ಟ್ರಿಗರ್ (ಯಾವ ಕ್ಷಣ ರೆಕಾರ್ಡ್ ಮಾಡಬೇಕು ಅನ್ನೋ ಸೂಚನೆ) ತಗೊಳ್ಳೋಣ ಅಂದೆ. ಪಲ್ಸ್‌ಗಳು ರಾಶಿ ರಾಶಿ ಬಂದವು. ನ್ಯಾನೊಸೆಕೆಂಡುಗಳ ಲೆಕ್ಕದ ಚೂಪಾದ ಪಲ್ಸ್, ಅದೂ ಎಲ್ಲ ಆಂಟೆನಾಗಳಲ್ಲಿ. ಕಾಸ್ಮಿಕ್ ಕಿರಣದ ರೇಡಿಯೋ ಪಲ್ಸ್ ಹೇಗಿರಬೇಕು ಅಂತ ಲೆಕ್ಕ ಹಾಕುವ ಕೊರಿಯಾಸ್ ಸಿಮ್ಯುಲೇಶನ್ ಪಕ್ಕದಲ್ಲಿಟ್ಟರೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಥೀಸಿಸ್‌ನ ಒಂದು ಅಧ್ಯಾಯ ಅದರ ಮೇಲೇ ಬರೆದೆ.

ಆಮೇಲೆ ಲ್ಯಾಬಿನ ಸೀನಿಯರ್ ಒಬ್ಬಳು, ಪಲ್ಸ್ ಬಂದ ಸಮಯಗಳನ್ನೆಲ್ಲ 20 ಮಿಲಿಸೆಕೆಂಡಿಗೆ ಮಡಚಿ, ಅಂದರೆ 20-20ರ ತುಂಡು ಮಾಡಿ ಒಂದರ ಮೇಲೊಂದಿಟ್ಟು, ಹಿಸ್ಟೋಗ್ರಾಮ್ ಹಾಕು ಅಂದಳು. ಕಾಸ್ಮಿಕ್ ಕಿರಣಕ್ಕೆ ಹೊತ್ತುಗೊತ್ತಿಲ್ಲ, ಹಾಗಾಗಿ ಅದು ಸಮತಟ್ಟಾಗಿ ಬರಬೇಕಿತ್ತು. ಎರಡು ಗುಡ್ಡೆ ಎದ್ದವು, ನಡುವೆ ಸರಿಯಾಗಿ 10 ಮಿಲಿಸೆಕೆಂಡ್ ಅಂತರ. 50 ಹರ್ಟ್ಸ್ ಕರೆಂಟು! ಒಂದು ಸುತ್ತಿನಲ್ಲಿ ವೋಲ್ಟೇಜ್ ಎರಡು ಸಲ ತುದಿ ಮುಟ್ಟುತ್ತದೆ, ಒಮ್ಮೆ ಪಾಸಿಟಿವ್, ಒಮ್ಮೆ ನೆಗೆಟಿವ್. ಆಗೆಲ್ಲ ಹತ್ತಿರದ ಕರೆಂಟ್ ಲೈನಿನಲ್ಲಿ ಕಿಡಿ ಹಾರುತ್ತಿತ್ತು. ದಿಕ್ಕು ಲೆಕ್ಕ ಹಾಕಿದರೆ ಹೆಚ್ಚಿನವು ದಿಗಂತದ ಅಂಚಿನಲ್ಲಿ ಒಂದೇ ಕಡೆ ತೋರಿಸಿದವು. ಅಧ್ಯಾಯ ಹೋಯಿತು, ಜೊತೆಗೆ ಒಂದು ಸೆಮಿಸ್ಟರ್ ಕೂಡ.

ಹಾಗಾದರೆ ಸಿಮ್ಯುಲೇಶನ್‌ಗೆ ಹೊಂದಿದ್ದು ಹೇಗೆ? ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಗಂಟೆಗೆ ಕಲ್ಲಿನಿಂದ ಹೊಡೆದರೂ ಕೋಲಿನಿಂದ ಹೊಡೆದರೂ ಕೇಳುವುದು ಗಂಟೆಯ ಸದ್ದೇ. ಫಿಲ್ಟರ್ ಕೂಡ ಹಾಗೆ. ಒಳಗೆ ಬಂದದ್ದು ತೀರಾ ಚಿಕ್ಕ ಪಲ್ಸ್ ಆದರೆ, ಹೊರಗೆ ಬರುವ ಆಕಾರ ಫಿಲ್ಟರಿನದ್ದು. ಸಿಮ್ಯುಲೇಶನ್ನನ್ನೂ ನಾನು ಅದೇ ಫಿಲ್ಟರಿನಲ್ಲಿ ಹಾಯಿಸಿದ್ದೆ. ಎರಡೂ ಒಂದೇ ಥರ ಕಾಣದೆ ಇನ್ನೇನು? ನಾನು ಪಲ್ಸ್‌ನ ಆಕಾರವನ್ನೇ ಸಾಕ್ಷಿ ಅಂದುಕೊಂಡೆ. ನಿಜವಾದ ಸಾಕ್ಷಿ ಸಮಯದಲ್ಲಿತ್ತು, ದಿಕ್ಕಿನಲ್ಲಿತ್ತು, ಪೋಲರೈಸೇಶನ್‌ನಲ್ಲಿತ್ತು, ಅಂದರೆ ಅಲೆ ಯಾವ ಕಡೆಗೆ ಕಂಪಿಸುತ್ತದೆ ಅನ್ನೋದರಲ್ಲಿ. ಕಾಸ್ಮಿಕ್ ಕಿರಣದಿಂದ ಗಾಳಿಯಲ್ಲಿ ಹುಟ್ಟುವ ಎಲೆಕ್ಟ್ರಾನ್, ಪಾಸಿಟ್ರಾನ್‌ಗಳನ್ನು ಭೂಮಿಯ ಕಾಂತಕ್ಷೇತ್ರ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ರೇಡಿಯೋ ಸಿಗ್ನಲ್ ಬಹುಪಾಲು ಅಲ್ಲಿಂದಲೇ ಬರುವುದು. ಹಾಗಾಗಿ ಅದರ ಪೋಲರೈಸೇಶನ್ ಹೇಗಿರಬೇಕು ಅಂತ ಮೊದಲೇ ಲೆಕ್ಕ ಹಾಕಬಹುದು. ನಾನು ಹಾಕಿರಲಿಲ್ಲ.

1965ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದಲ್ಲಿ 44 ಮೆಗಾಹರ್ಟ್ಸ್‌ನಲ್ಲಿ ಈ ರೇಡಿಯೋ ಸಿಗ್ನಲನ್ನು ಮೊದಲು ಹಿಡಿದವರು ಟ್ರಿಗರ್‌ಗೆ ಗೈಗರ್ ಕೌಂಟರ್ ಅನ್ನೋ ಪಾರ್ಟಿಕಲ್ ಡಿಟೆಕ್ಟರ್ ಇಟ್ಟುಕೊಂಡಿದ್ದರು. ಕಾರ್ಲ್ಸ್‌ರೂಹೆಯ ಲೋಪೆಸ್ ಅನ್ನೋ ಆಂಟೆನಾ ಪ್ರಯೋಗ ಇದ್ದದ್ದು ರೇಡಿಯೋ ಗದ್ದಲ ಜಾಸ್ತಿ ಇದ್ದ ಜಾಗದಲ್ಲಿ. ಆದರೂ 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಬಂತು, ಯಾಕೆಂದರೆ ಯಾವ ಕ್ಷಣ ನೋಡಬೇಕು ಅಂತ ಪಕ್ಕದ ಕ್ಯಾಸ್ಕೇಡ್ ಪ್ರಯೋಗದ ಪಾರ್ಟಿಕಲ್ ಡಿಟೆಕ್ಟರ್‌ಗಳು ಹೇಳುತ್ತಿದ್ದವು. ನೆದರ್ಲೆಂಡ್ಸ್‌ನ ಲೋಫಾರ್ ರೇಡಿಯೋ ಟೆಲಿಸ್ಕೋಪ್ ಕೂಡ ಇದಕ್ಕಾಗಿ ಸಿಂಟಿಲೇಟರ್ ಇಟ್ಟುಕೊಂಡಿದೆ. ಅಷ್ಟು ಆಂಟೆನಾ ಇದ್ದವರೇ ಹೀಗೆ ಮಾಡುವಾಗ ಟೆರೇಸ್ ಮೇಲಿನ ಮೂರರಿಂದ ಏನಾಗುತ್ತೆ?

ಇನ್ನು ಆರ್‌ಟಿಎಲ್-ಎಸ್‌ಡಿಆರ್. ಅದರ ಬ್ಯಾಂಡ್‌ವಿಡ್ತ್ ಸುಮಾರು 2.4 ಮೆಗಾಹರ್ಟ್ಸ್. ಎರಡು ಸ್ಯಾಂಪಲ್‌ಗಳ ನಡುವೆ 400 ನ್ಯಾನೊಸೆಕೆಂಡ್‌ಗೂ ಜಾಸ್ತಿ. ನಿಮಗೆ ಬೇಕಾದ ಪಲ್ಸ್ ಅಷ್ಟರಲ್ಲಿ ಬಂದು ಹೋಗಿರುತ್ತದೆ.

ಪಾರ್ಟಿಕಲ್ ಡಿಟೆಕ್ಟರನ್ನೇ ಮೊದಲು ಕಟ್ಟಿ. ಎರಡು ಸಿಂಟಿಲೇಟರ್ ತುಂಡು, ಅದರ ಮಿನುಗು ಹಿಡಿಯಲು ಎರಡು ಸಿಲಿಕಾನ್ ಫೋಟೊಮಲ್ಟಿಪ್ಲಯರ್, ಕಪ್ಪು ಟೇಪು, ಎರಡರಲ್ಲೂ ಒಟ್ಟಿಗೆ ಬಂದದ್ದನ್ನು ಮಾತ್ರ ಎಣಿಸುವ ಸರ್ಕ್ಯೂಟ್. ನೆಲಮಟ್ಟದಲ್ಲಿ ಚದರ ಸೆಂಟಿಮೀಟರ್‌ಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್ (ಕಾಸ್ಮಿಕ್ ಕಿರಣದಿಂದ ಹುಟ್ಟುವ ಕಣ) ಬೀಳುತ್ತದೆ, ಡೇಟಾಗೆ ಬರವಿಲ್ಲ. ಪ್ರಾಜೆಕ್ಟ್‌ಗೆ ಇದೇ ಬೇಕಾದಷ್ಟು. ಗೈಡ್ ರೇಡಿಯೋನೇ ಬೇಕು ಅಂತ ಪಟ್ಟು ಹಿಡಿದರೆ, ಆಂಟೆನಾ ಇಟ್ಟು ನಿಮ್ಮ ಟೆರೇಸಿನ ಗದ್ದಲ ಅಳೆಯುತ್ತೇನೆ ಅಂತ ವಿಷಯ ಬದಲಿಸಿಕೊಳ್ಳಿ. ಅದಕ್ಕೆ ಎಸ್‌ಡಿಆರ್ ಸಾಕು.

ಅಂದಹಾಗೆ, ಮೈಸೂರಿನಿಂದ ಊಟಿ ಹತ್ತಿರವೇ ಅಲ್ವಾ? ಅಲ್ಲಿ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಕಾಸ್ಮಿಕ್ ಕಿರಣ ಪ್ರಯೋಗ ಇದೆ, ಸುಮಾರು 400 ಸಿಂಟಿಲೇಟರ್, 560 ಚದರ ಮೀಟರ್‌ನ ಮ್ಯೂಯಾನ್ ಟೆಲಿಸ್ಕೋಪ್. ಗೈಡ್ ಕೈಯಲ್ಲಿ ಈ ವಾರವೇ ಒಂದು ಪತ್ರ ಬರೆಸಿ.