ಬಡ್ಡಿ ಪಾಪವಾದರೆ ಇಗರ್ಜಿಯಲ್ಲಿ ಸೊಸೈಟಿ ಯಾಕೆ?

ಕಳೆದ ಸಂಚಿಕೆಯ ಮೀಟರ್ ಬಡ್ಡಿ ಲೇಖನದಲ್ಲಿ ‘ಕ್ರೈಸ್ತಧರ್ಮ ಬಡ್ಡಿಯನ್ನೇ ನಿಷೇಧಿಸಿತ್ತು’ ಎಂಬ ಒಂದು ವಾಕ್ಯ ಬಂದಿತ್ತು. ಬಂಟ್ವಾಳ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಅದನ್ನು ಹಿಡಿದು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ನಿಷೇಧ ಇದ್ದದ್ದು ನಿಜವಾದರೆ ಅದನ್ನು ಯಾವಾಗ ತೆಗೆದರು? ಯಜಮಾನ ಆಳುಗಳ ಕೈಗೆ ಹಣ ಒಪ್ಪಿಸಿ ಹೋಗುವ ಯೇಸುವಿನ ಕತೆಯಲ್ಲಿ, ಅಂದರೆ ತಲಾಂತುಗಳ ಸಾಮತಿಯಲ್ಲಿ, ಆತ ‘ಹಣ ಬಡ್ಡಿಗೆ ಹಾಕಬಾರದಿತ್ತೇ’ ಎಂದು ಒಬ್ಬ ಆಳನ್ನು ಬೈಯುವುದು ಯಾಕೆ? ತಮ್ಮ ಇಗರ್ಜಿಯ ಆವರಣದಲ್ಲೇ ಸಾಲದ ಸೊಸೈಟಿ ಇದೆ, ಅದು ಪಾಪವೇ? ಇವು ಅವರ ಪ್ರಶ್ನೆಗಳು.

ಮಾನ್ಯ ಮಾಸ್ತರರೆ,

ಮೊದಲಿಗೆ ತಪ್ಪೊಪ್ಪಿಗೆ. ಆ ವಾಕ್ಯ ಲೇಖಕರದಲ್ಲ, ಪುಟ ಕಟ್ಟುವಾಗ ನಾನು ಸೇರಿಸಿದ್ದು. ಅರ್ಧ ಸರಿ, ಅರ್ಧ ಅವಸರ.

ಬೈಬಲಿನ ಮೋಶೆಯ ಕಟ್ಟಳೆಗಳಲ್ಲಿ ಬಡ್ಡಿ ಕೂಡದೆಂಬ ಮಾತು ಬಂದ ಕಡೆ ಹೆಚ್ಚಾಗಿ ಪಕ್ಕದಲ್ಲೇ ಒಬ್ಬ ಬಡವ ನಿಂತಿರುತ್ತಾನೆ. ಅವನ ಹೊದಿಕೆಯನ್ನು ಅಡವು ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ವಾಪಸು ಕೊಡಬೇಕು, ಇಲ್ಲದಿದ್ದರೆ ರಾತ್ರಿ ಅವನು ಏನು ಹೊದ್ದು ಮಲಗಬೇಕು ಎಂದು ವಿಮೋಚನಕಾಂಡ ಕೇಳುತ್ತದೆ. ಬೀಸುಕಲ್ಲನ್ನು ಅಡವಿಗೆ ತೆಗೆದುಕೊಳ್ಳಬಾರದು, ಅದರ ಮೇಲಿನ ಕಲ್ಲೊಂದನ್ನೂ ಮುಟ್ಟಬಾರದು. ಅದಿಲ್ಲದೆ ಆ ಮನೆಯಲ್ಲಿ ಹಿಟ್ಟಿಲ್ಲ. ನನಗೆ ತುಂಬ ಹಿಡಿಸಿದ್ದು ಧರ್ಮೋಪದೇಶಕಾಂಡದ ಇನ್ನೊಂದು ಮಾತು: ಅಡವಿನ ವಸ್ತು ತರಲು ಸಾಲ ಪಡೆದವನ ಮನೆಯೊಳಗೆ ನುಗ್ಗಬೇಡ, ಹೊರಗೆ ನಿಲ್ಲು, ಅವನೇ ತಂದು ಕೊಡಲಿ. ವಸೂಲಿಗೆ ಬಂದವರು ಅಡುಗೆಮನೆಯ ತನಕ ಬಂದು ಕೂರುವುದನ್ನು ಕಂಡ ನಮಗೆ ಆ ಹೊಸ್ತಿಲ ಬೆಲೆ ಗೊತ್ತು. ಹೀಬ್ರೂವಿನಲ್ಲಿ ಬಡ್ಡಿಗೆ ‘ನೆಶೆಖ್’ ಎನ್ನುತ್ತಾರೆ; ಹಾವು ಕಚ್ಚುವುದಕ್ಕೂ ಅದೇ ಧಾತು.

ಅಂದರೆ ಅಲ್ಲಿ ಪ್ರಶ್ನೆ ಸಾಲ ಕೇಳುತ್ತಿರುವವರು ಯಾರು ಎಂಬುದು. ಮುಂದೆ ಚರ್ಚು ಅದನ್ನು ಹಣ ಎಂದರೇನು ಎಂಬ ಪ್ರಶ್ನೆಯಾಗಿ ಮಾಡಿಕೊಂಡಿತು. ಎಡವಿದ್ದು ಅಲ್ಲೇ ಎಂದು ನನ್ನ ಅನಿಸಿಕೆ. 325ರಲ್ಲಿ ನೈಸಿಯಾದಲ್ಲಿ ಕೂಡಿದ ಬಿಷಪರ ಸಭೆ ಪಾದ್ರಿಗಳು ಬಡ್ಡಿ ತೆಗೆದುಕೊಳ್ಳಬಾರದೆಂದಿತು. 1179ರ ಲ್ಯಾಟರನ್ ಸಭೆ ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವವರಿಗೆ ಪರಮಪ್ರಸಾದವನ್ನೂ ಸತ್ತ ಮೇಲೆ ಕ್ರೈಸ್ತ ಶವಸಂಸ್ಕಾರವನ್ನೂ ನಿರಾಕರಿಸಿತು. ಹದಿಮೂರನೇ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರು ತರ್ಕ ಕಟ್ಟಿದರು: ದ್ರಾಕ್ಷಾರಸ ಮಾರಿದ ಮೇಲೆ ಅದನ್ನು ಕುಡಿದದ್ದಕ್ಕೆ ಬೇರೆ ದುಡ್ಡು ಕೇಳುತ್ತಾರೆಯೇ? ಹಣವೂ ಹಾಗೆಯೇ, ಬಳಸಿದರೆ ಮುಗಿಯುವ ವಸ್ತು. ತರ್ಕ ಚೆಂದ. ಆದರೆ ಹಡಗು ತುಂಬಿಸಲು ಸಾಲ ಎತ್ತುವ ಫ್ಲಾರೆನ್ಸಿನ ವ್ಯಾಪಾರಿಗೂ ಹೊದಿಕೆ ಅಡವಿಟ್ಟವನಿಗೂ ಒಂದೇ ಸೂತ್ರವಾಯಿತು. ವ್ಯಾಪಾರಿಗೆ ದಾರಿಗಳಿದ್ದವು. ಒಂದೂರಿನಲ್ಲಿ ಕೊಟ್ಟ ಹಣವನ್ನು ಇನ್ನೊಂದೂರಿನ ನಾಣ್ಯದಲ್ಲಿ ಹಿಂದೆ ಪಡೆಯುವ ಹುಂಡಿಯಲ್ಲಿ, ವಿನಿಮಯ ದರದೊಳಗೆ ಬಡ್ಡಿ ಅಡಗಿ ಕೂತಿತು. ಬಡವನಿಗೆ ಅಂಥ ದಾರಿ ಇರಲಿಲ್ಲ.

ಅವನ ಕಡೆ ತಿರುಗಿ ನೋಡಿದವರು ಫ್ರಾನ್ಸಿಸ್ಕನ್ ಸನ್ಯಾಸಿಗಳು. 1462ರಲ್ಲಿ ಇಟಲಿಯ ಪೆರೂಜಾ ಪಟ್ಟಣದಲ್ಲಿ ‘ಮೊಂಟೆ ದಿ ಪಿಯೆತಾ’ ಎಂಬ ಅಡವಿನ ಮನೆ ತೆರೆಯಲು ಅವರೇ ಮುಂದಾದರು. ಬಟ್ಟೆಯನ್ನೋ ಪಾತ್ರೆಯನ್ನೋ ಇಟ್ಟು ಚೀಟಿ ಪಡೆದು ಸಣ್ಣ ಸಾಲ ಒಯ್ಯಬಹುದಿತ್ತು. ಬೇರೆ ಊರುಗಳಲ್ಲೂ ಇಂಥವು ಎದ್ದವು. ಗುಮಾಸ್ತನ ಸಂಬಳ, ಕೋಣೆಯ ಬಾಡಿಗೆ ಇದ್ದದ್ದೇ. ಅದಕ್ಕೆಂದು ಸ್ವಲ್ಪ ಬಡ್ಡಿ ಹಾಕಿದರು. ‘ಸ್ವಲ್ಪವಾದರೂ ಬಡ್ಡಿ ಬಡ್ಡಿಯೇ’ ಎಂದು ಇನ್ನೊಂದು ಸನ್ಯಾಸಿ ಪಂಗಡವಾದ ಡೊಮಿನಿಕನ್ನರು ಎದ್ದು ನಿಂತರು. ದಶಕಗಟ್ಟಲೆ ಜಗಳ. ಕೊನೆಗೆ 1515ರಲ್ಲಿ ಪೋಪ್ ಹತ್ತನೇ ಲಿಯೋ ಖರ್ಚಿಗೆ ತಕ್ಕಷ್ಟು ತೆಗೆದುಕೊಳ್ಳುವುದು ತಪ್ಪಲ್ಲವೆಂದು ತೀರ್ಪಿತ್ತ. ಏನೂ ತೆಗೆದುಕೊಳ್ಳದಿದ್ದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದ. ಲಿಯೋ ಹುಟ್ಟಿದ್ದು ಮೆಡಿಚಿ ಬ್ಯಾಂಕಿನ ಮನೆತನದಲ್ಲಿ ಎಂಬುದನ್ನು ನೆನೆದು ನಗು ಬಂದರೆ ತಪ್ಪೇನಿಲ್ಲ. ನಗು ಬಾರದ ಸಂಗತಿಯೂ ಇದೆ. ಈ ಮನೆಗಳಿಗಾಗಿ ಊರೂರು ತಿರುಗಿದ ಬೆರ್ನಾರ್ದಿನೋ ದ ಫೆಲ್ತ್ರೆಯ ಉಪದೇಶಗಳಲ್ಲಿ ಬಡವರ ಮೇಲಿನ ಕರುಣೆಯ ಜತೆಗೇ ಯಹೂದಿಗಳ ಮೇಲಿನ ವಿಷವೂ ಇತ್ತು. ಅವರನ್ನು ಬೇರೆ ಕಸುಬುಗಳಿಂದ ದೂರವಿಟ್ಟು, ಲೇವಾದೇವಿಗೆ ನೂಕಿ, ಆಮೇಲೆ ಅದಕ್ಕೇ ಬೈದ ಸಮಾಜ ಅದು.

ನಿಷೇಧ ತೆಗೆದದ್ದು ಯಾವಾಗ ಎಂದಿರಿ. ಒಂದು ದಿನ ಎಂದು ತೋರಿಸಲಾಗದು, ಸದ್ದಿಲ್ಲದೆ ಸವೆಯಿತು. 1545ರ ಕಾಗದವೊಂದರಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್, ಹಣ ಬಂಜೆ, ಅದು ಹಣವನ್ನು ಹೆರಲಾರದು ಎಂಬ ಹಳೆಯ ವಾದವನ್ನು ತಳ್ಳಿಹಾಕಿದ. ಬಡವರಿಂದ ಮಾತ್ರ ಬಡ್ಡಿ ಕೂಡದೆಂದ. ಕಥೋಲಿಕರಲ್ಲಿ 1745ರಲ್ಲೂ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಹಳೆಯ ನಿಲುವನ್ನೇ ಹೇಳಿದ. 1917ರ ಧರ್ಮಸಂಹಿತೆಯ ಹೊತ್ತಿಗೆ ಕಾನೂನು ಒಪ್ಪಿದ, ಅತಿಯಲ್ಲದ ಬಡ್ಡಿಗೆ ಅಡ್ಡಿ ಇರಲಿಲ್ಲ.

ತಲಾಂತುಗಳ ಸಾಮತಿಯ ಬಗ್ಗೆ ಹೆಚ್ಚು ಹೇಳಲಾರೆ. ಬಿತ್ತದ ಕಡೆ ಕೊಯ್ಯುವವನು ಎಂದು ಆಳು ಬಣ್ಣಿಸುವ ಯಜಮಾನನ ಬಾಯಿಂದ ಬಂದ ಮಾತು ಅದು. ಅದರ ಮೇಲೆ ಬ್ಯಾಂಕ್ ಕಟ್ಟುವುದು ಬೇಡ.

ಯೇಸು ಕಲಿಸಿದ ಕರ್ತರ ಪ್ರಾರ್ಥನೆಯಲ್ಲಿ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎನ್ನುವಲ್ಲಿನ ‘ತಪ್ಪಿ’ಗೆ ಮೂಲದಲ್ಲಿ ‘ಸಾಲ’ ಇದೆಯಂತೆ, ಹೌದೇ ಎಂದು ಅಂಚಿನಲ್ಲಿ ಬರೆದಿದ್ದೀರಿ. ಹೌದು. ಮತ್ತಾಯನ ಸುವಾರ್ತೆಯ ಗ್ರೀಕಿನಲ್ಲಿರುವುದು ಸಾಲದ ಪದವೇ. ಯೇಸು ಆಡುತ್ತಿದ್ದ ಅರಮಾಯಿಕ್‌ನಲ್ಲಿ ಸಾಲಕ್ಕೂ ಪಾಪಕ್ಕೂ ‘ಹೋಬಾ’ ಎಂಬ ಒಂದೇ ಮಾತು ಸಲ್ಲುತ್ತಿತ್ತು. ನಮ್ಮ ‘ಋಣ’ ಹತ್ತಿರ ಬರುತ್ತದೆ, ಆದರೆ ಋಣಕ್ಕೆ ಕ್ಷಮೆ ಕೇಳುವ ರೂಢಿ ನಮ್ಮಲ್ಲಿಲ್ಲ, ತೀರಿಸುವ ರೂಢಿ.

ಇನ್ನು ನಿಮ್ಮ ಸೊಸೈಟಿ. ನನ್ನ ತಮ್ಮನಿಗೆ ಟೈಫಾಯ್ಡ್ ಆದಾಗ ಅಮ್ಮ ಎರಡು ಬಳೆ ಅಡವಿಟ್ಟದ್ದು ನೆನಪಿದೆ. ತಕ್ಕಡಿಯವನು ತೂಕ ಕೇಳಿದ, ಯಾತಕ್ಕೆಂದು ಕೇಳಲಿಲ್ಲ. ಅಂಗಡಿ ಹಾಕಲು ಬಂದವನಿಂದ ನಿಮ್ಮ ಸೊಸೈಟಿ ಬಡ್ಡಿ ತೆಗೆದುಕೊಂಡರೆ ನನಗೆ ತಕರಾರಿಲ್ಲ. ಆಸ್ಪತ್ರೆ ಬಿಲ್ಲು ಹಿಡಿದು ಬಂದವಳಿಗೂ ಅದೇ ದರವೇ ಎಂದು ಮಹಾಸಭೆಯಲ್ಲಿ ಎದ್ದು ಕೇಳಿ. ಏನು ಉತ್ತರ ಬಂತೆಂದು ಬರೆಯಿರಿ. ಈ ಸಲ ಎರಡು ಪುಟ ಸಾಕು.

— ಸಂ.