ಕದ್ದವಳಿಗೆ ನಾವೇ ಪಾಠ ಹೇಳಬಹುದಾ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಸೂಪರ್ ಮಾರ್ಕೆಟ್. ಕಳೆದ ವಾರ ಜೋರು ಮಳೆಯಲ್ಲಿ ಬಂದ ಕಾಲೇಜು ಹುಡುಗಿಯೊಬ್ಬಳು ಮಡಚಿದ ಕೊಡೆಯೊಳಗೆ ಎರಡು ಫೇಸ್ ಕ್ರೀಮು, ಒಂದು ಬಾದಾಮಿ ಪ್ಯಾಕೆಟ್ ಇಳಿಸಿಕೊಂಡಳು. ಒಟ್ಟು 640 ರೂಪಾಯಿ. ಕೇಳಿದರೆ ಬರೀ ಅಳು. ಸಾಮಾನು ವಾಪಸ್ ತಗೊಂಡು ಬಿಟ್ಟುಬಿಟ್ಟೆ. ಹತ್ತು ಪಟ್ಟು ದಂಡ ಹಾಕಿ ಫೋಟೋ ಅಂಟಿಸಬೇಕಿತ್ತು ಅಂತ ನನ್ನ ತಮ್ಮ ಇವತ್ತಿಗೂ ಗೊಣಗುತ್ತಾನೆ. ಅಮೆರಿಕದಲ್ಲಿ ಇಂಥವರಿಗೆ ಕೇಸ್ ಹಾಕೋ ಬದಲು ಕ್ಲಾಸ್ ಕೊಡ್ತಾರಂತೆ. ನಾವೂ ಹಾಗೆ ಮಾಡಬಹುದಾ?
– ಒಬ್ಬ ಅಂಗಡಿಯವರು

ಉತ್ತರ: ಕ್ಲಾಸ್ ಒಳ್ಳೆಯದೇ. ಆದರೆ ಕಳಕೊಂಡವರೇ ಜಡ್ಜ್ ಆಗಿ, ಅವರೇ ಮೇಷ್ಟ್ರಾಗಿ, ಅಲ್ಲೇ ಫೀಸೂ ವಸೂಲಿಯಾದರೆ ಕತೆ ಕೆಡುತ್ತದೆ.

ಅಲ್ಲಿ ಎರಡು ಥರ ಇದೆ. ಕೋರ್ಟೋ ಸರ್ಕಾರಿ ವಕೀಲರೋ ಕಳಿಸುವ ಕ್ಲಾಸ್ ಒಂದು, ಅದನ್ನು ಸರಿಯಾಗಿ ಮುಗಿಸಿದವರ ಕೇಸ್ ಕೈಬಿಡುವುದುಂಟು. ಇನ್ನೊಂದು ಖಾಸಗಿ ಕಂಪನಿಗಳ ದಂಧೆ. ಕರೆಕ್ಟಿವ್ ಎಜುಕೇಷನ್ ಕಂಪನಿ ಅಂತ ಒಂದಿತ್ತು. ಸಿಕ್ಕಿಬಿದ್ದವರನ್ನು ಅಂಗಡಿಯ ಒಳಕೋಣೆಯಲ್ಲಿ ಕೂರಿಸಿ, ಒಂದು ವಿಡಿಯೋ ತೋರಿಸಿ, ಆನ್‌ಲೈನ್ ಕೋರ್ಸಿಗೆ ಸಹಿ ಹಾಕ್ತೀರೋ ಇಲ್ಲಾ ಪೊಲೀಸರನ್ನು ಕರೀಬೇಕೋ ಅಂತ ಕೇಳುತ್ತಿದ್ದರು. ಒಂದೇ ಸಲ ಕಟ್ಟಿದರೆ 400 ಡಾಲರ್, ಆಮೇಲೆ ಕಟ್ಟಿದರೆ 500. ಆ ಹೊತ್ತಲ್ಲಿ ಯಾರು ತಾನೇ ಇಲ್ಲ ಅಂತಾರೆ? 2017ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕೋರ್ಟು, ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಇದು ಹೆದರಿಸಿ ಹಣ ಕೀಳುವುದೇ ಅಂದಿತು. ಅದೇ ವರ್ಷದ ಕೊನೆಗೆ ವಾಲ್‌ಮಾರ್ಟ್ ಕೂಡ ಇದನ್ನು ನಿಲ್ಲಿಸಿತು.

ನಿಮ್ಮ ತಮ್ಮನ 6,400 ರೂಪಾಯಿ ದಂಡವೂ ಅದೇ ಜಾತಿಯದು, ಬೇಜಾರು ಮಾಡ್ಕೋಬೇಡಿ. ‘ಹತ್ತು ಪಟ್ಟು’ ಅಂತ ಗೋಡೆಗೆ ಬೋರ್ಡ್ ಹಾಕಿದ ಮಾತ್ರಕ್ಕೆ ಅದು ಕಾನೂನಾಗಲ್ಲ. ಕೂಡಿಹಾಕಿ, ಪೊಲೀಸ್ ಅಂತ ಹೆದರಿಸಿ ದುಡ್ಡು ಕಿತ್ತರೆ ಆಮೇಲೆ ಸ್ಟೇಷನ್ನಿಗೆ ಅಲೆಯುವವರು ನೀವೇ. ಫೋಟೋ ಅಂತೂ ಬೇಡವೇ ಬೇಡ. ಅದೇ ಬಿಲ್ಡಿಂಗಿನ ಹುಡುಗಿಯಾಗಿದ್ದರೆ?

ನಮ್ಮಲ್ಲೂ ದಾರಿ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ ಕದ್ದ ಮಾಲು 5,000 ರೂಪಾಯಿಗಿಂತ ಕಮ್ಮಿಯಾಗಿದ್ದು, ಮೊದಲ ಸಲ ತಪ್ಪಿತಸ್ಥರೆಂದು ಸಾಬೀತಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ ಜೈಲಲ್ಲ, ಸಮುದಾಯ ಸೇವೆ. ಅದನ್ನು ವಿಧಿಸುವುದು ಕೋರ್ಟು, ಅಂಗಡಿಯಲ್ಲ. ಹದಿನೆಂಟು ತುಂಬದ ಮಕ್ಕಳಾದರೆ ವಿಷಯ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಬುದ್ಧಿ ಹೇಳಿ, ಕೌನ್ಸೆಲಿಂಗ್ ಕೊಟ್ಟು ಮನೆಗೆ ಕಳಿಸುವ ಅಧಿಕಾರ ಅವರಿಗಿದೆ.

ನೀವು ಸಾಮಾನು ತಗೊಂಡು ಬಿಟ್ಟಿದ್ದು ಸರಿಯೇ. ಅವಳು ಮತ್ತೆ ಬಂದರೆ ಎಲ್ಲರೆದುರು ಹಳೇದನ್ನು ಕೆದಕಬೇಡಿ, ಸುಮ್ನೆ ‘ಏನು ಬೇಕಮ್ಮಾ’ ಅಂತ ಹತ್ತಿರ ಹೋಗಿ ನಿಲ್ಲಿ. ಆಮೇಲೂ ಕದ್ದರೆ ಸ್ಟೇಷನ್ನಿಗೆ ಹೋಗಿ, ತಪ್ಪೇನಿಲ್ಲ.

ಮತ್ತೆ ಇನ್ನೊಂದು. ಮಳೆಗಾಲ ಮುಗಿಯೋವರೆಗೆ ಬಾಗಿಲ ಹತ್ತಿರ ಒಂದು ದೊಡ್ಡ ಬಕೆಟ್ ಇಡಿ, ಕೊಡೆ ಅಲ್ಲೇ ಬಿಟ್ಟು ಬರಲಿ. ನೆಲವೂ ಒದ್ದೆಯಾಗಲ್ಲ.