ಹುಣ್ಣಿಮೆಯನ್ನು ತೆಗೆಯಿರಿ, ಅಜ್ಜಿಯನ್ನು ಉಳಿಸಿಕೊಳ್ಳಿ

ಮಾನ್ಯರೇ,

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಮಡಿಕೇರಿಯನ್ನು ಹಿಡಿದ ದಿನಗಳನ್ನು ಕುರಿತ ನಿಮ್ಮ ಕಥೆಯನ್ನು ಗಮನವಿಟ್ಟು ಓದಿದ್ದೇನೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕುಳಿತ ಅಜ್ಜಿ, ಸಿಪಾಯಿಗಳು ಬರುತ್ತಿರುವ ಸುದ್ದಿ ಕೇಳಿ ಎದ್ದು, ಮೊಮ್ಮಗನ ಕೋವಿಯನ್ನು ಪತ್ತಾಯದ ಭತ್ತದಲ್ಲಿ ಹುದುಗಿಸಿ, ಅಂಗೈಗೆ ಅಂಟಿದ ಧೂಳನ್ನು ಸೀರೆಗೆ ಒರೆಸಿಕೊಳ್ಳುತ್ತಾ ನೆಲ್ಲಕ್ಕಿಯ (ನಡುಮನೆಯ) ದೀಪದ ಮುಂದೆ ನಿಲ್ಲುವ ಭಾಗವನ್ನು ಬರೆದವರಿಗೆ ಕಥೆ ಹೇಳುವುದು ಗೊತ್ತಿದೆ.

ಅಂತರ್ಜಾಲದಲ್ಲಿ ತಿಂಗಳುಗಟ್ಟಲೆ ಸಂಶೋಧನೆ ಮಾಡಿದ್ದಾಗಿ ನಿಮ್ಮ ಪತ್ರದಲ್ಲಿ ತಿಳಿಸಿದ್ದೀರಿ. ಆ ಶ್ರಮ ಕಾಣುತ್ತದೆ, ಆದರೆ ಕಾಣಬಾರದ ಕಡೆ ಕಾಣುತ್ತದೆ. ಕೊಡಗನ್ನು ಆಳಿದ ಹಾಲೇರಿ ಅರಸರ ವಂಶಾವಳಿ ಒಂದೂವರೆ ಪುಟ ಹಬ್ಬಿ ಕಥೆಯನ್ನು ತಡೆದು ನಿಲ್ಲಿಸಿದೆ; ಪಾತ್ರಗಳು ನಡೆದಾಡುವ ನೆಲವನ್ನೂ ಆಕಾಶವನ್ನೂ ಮಾತ್ರ ಯಾರೂ ಪರಿಶೀಲಿಸಿದಂತಿಲ್ಲ.

ಮಡಿಕೇರಿ ಕೋಟೆಯ ಮೇಲೆ ಬ್ರಿಟಿಷರ ಬಾವುಟ ಏರಿದ್ದು ಏಪ್ರಿಲ್ 6ರಂದು. ಅದೇ ರಾತ್ರಿ ನಿಮ್ಮ ನಾಯಕ ಹುಣ್ಣಿಮೆಯ ಬೆಳಕಿನಲ್ಲಿ ಗುಡ್ಡ ಇಳಿಯುತ್ತಾನೆ. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಊರನ್ನೂ ದಿನಾಂಕವನ್ನೂ ಕೊಟ್ಟು ನೋಡಿ: ಅಮಾವಾಸ್ಯೆಗೆ ಆಗ ಎರಡು ಮೂರು ದಿನಗಳಷ್ಟೇ ಉಳಿದಿದ್ದವು, ಸಣಕಲು ಚಂದ್ರ ಮೂಡುತ್ತಿದ್ದುದು ಬೆಳಗಿನ ಜಾವಕ್ಕೆ. ಇದು ಕಥೆಗೆ ಲಾಭವೇ ಹೌದು. ಕಗ್ಗತ್ತಲಲ್ಲಿ ಕಾಲಿನಿಂದಲೇ ದಾರಿ ತಡವುತ್ತಾ, ಎದುರು ಬಂದವನು ತಮ್ಮವನೋ ಸಿಪಾಯಿಯೋ ತಿಳಿಯದೆ ನಿಲ್ಲುವ ಹುಡುಗನ ಭಯ ನೀವು ಬರೆದ ಬೆಳದಿಂಗಳಿಗಿಂತ ಎಷ್ಟೋ ಹೆಚ್ಚಿನದು.

ಅವನು ಅಡಗಿಕೊಳ್ಳುವ ಕಾಫಿ ತೋಟವೂ ಬಿಳಿ ದೊರೆಯ ಬಂಗಲೆಯೂ ಆ ವರ್ಷಕ್ಕೆ ಹೊಂದುವುದಿಲ್ಲ. ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಆರಂಭವಾದದ್ದು 1854ರಲ್ಲಿ. ಸಾಲುಸಾಲಾಗಿ ನಿಲ್ಲಿಸಿರುವ ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ, ಅದು ನಮ್ಮ ತೋಟಗಳಿಗೆ ಬಂದದ್ದು ಆಮೇಲೆ. ಗೂಗಲ್ ಅರ್ಥ್‌ನಲ್ಲಿ ದಾರಿಯ ಏರಿಳಿತ, ಕಣಿವೆಯ ಆಳ, ಊರಿನಿಂದ ಊರಿಗಿರುವ ದೂರ ಇವನ್ನೆಲ್ಲ ಧಾರಾಳವಾಗಿ ನೋಡಿ. ಆದರೆ ಅದು ತೋರಿಸುವ ತೋಟಗಳನ್ನೂ ಹಾರಂಗಿ ಅಣೆಕಟ್ಟಿನ ಹಿನ್ನೀರನ್ನೂ ಮನಸ್ಸಿನಲ್ಲೇ ಅಳಿಸಿ ನೋಡಬೇಕು.

ನೀವು ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಂಟರ್‌ನೆಟ್ ಆರ್ಕೈವ್ ಎಂಬ ಅಂತರ್ಜಾಲ ಗ್ರಂಥಾಲಯದಲ್ಲಿ. ಮೋಗ್ಲಿಂಗ್ 1855ರಲ್ಲಿ, ರಿಕ್ಟರ್ 1870ರಲ್ಲಿ ಕೊಡಗಿನ ಬಗ್ಗೆ ಪ್ರಕಟಿಸಿದ ಪುಸ್ತಕಗಳು, ರೈಸ್ ಸಿದ್ಧಪಡಿಸಿದ ಗೆಜೆಟಿಯರ್‌ನ ಕೊಡಗು ಸಂಪುಟ ಇವೆಲ್ಲ ಅಲ್ಲಿ ಪುಟಪುಟವಾಗಿ ಸಿಗುತ್ತವೆ, ಒಳಗಿನ ಪದಗಳನ್ನೂ ಹುಡುಕಬಹುದು. ಇಂದಿನ ಹೆಸರುಗಳನ್ನು ಕೊಟ್ಟರೆ ಹೆಚ್ಚೇನೂ ದೊರೆಯದು; ಆ ಕಾಲದ ಇಂಗ್ಲಿಷರು ಬರೆಯುತ್ತಿದ್ದಂತೆ ಕೊಡಗಿಗೆ ಕೂರ್ಗ್ (Coorg), ಮಡಿಕೇರಿಗೆ ಮರ್ಕಾರಾ (Mercara) ಎಂದೇ ಹುಡುಕಬೇಕು. ಮನೆ ಕಟ್ಟುವ ಕ್ರಮ, ಉಡುಗೆ, ಬೆಳೆ, ಹಬ್ಬ ಮುಂತಾದವುಗಳ ಬಗ್ಗೆ ಈ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಆದರೆ ಬರೆದವರಲ್ಲಿ ಇಬ್ಬರು ಮಿಷನರಿಗಳು, ಮೂರನೆಯವರು ಸರ್ಕಾರದ ಅಧಿಕಾರಿ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜನ ಕ್ರೌರ್ಯದ ಬಗ್ಗೆ ಅವರು ಹೇಳಿದ್ದನ್ನು ನೀವು ನಿರೂಪಕನ ಬಾಯಲ್ಲಿ ಹಾಗೆಯೇ ಇರಿಸಿದ್ದೀರಿ. ರಾಜ್ಯವನ್ನು ವಶಪಡಿಸಿಕೊಂಡವರಿಗೆ ಆ ಚಿತ್ರಣ ಅನುಕೂಲಕರವಾಗಿತ್ತು ಎಂಬ ಎಚ್ಚರ ನಿಮಗಿರಲೇಬೇಕು. ಅಜ್ಜಿ ಅರಸನ ಬಗ್ಗೆ ಏನು ಯೋಚಿಸುತ್ತಿದ್ದಳು ಎಂಬುದು ಆ ಪುಟಗಳಲ್ಲಿಲ್ಲ, ಅದನ್ನು ಕಂಡುಕೊಳ್ಳುವುದು ಕಥೆಗಾರರಾದ ನಿಮ್ಮ ಕೆಲಸ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹಳೆಯ ಫೋಟೋಗಳ ಸಂಗ್ರಹವೂ ಅಂತರ್ಜಾಲದಲ್ಲಿದೆ. ಫೋಟೋಗ್ರಫಿ ಜಗತ್ತಿಗೆ ಪರಿಚಯವಾದದ್ದೇ 1839ರಲ್ಲಿ. ಆದ್ದರಿಂದ ಅಲ್ಲಿ ಕಾಣುವ ಉಡುಪು, ಬಂದೂಕುಗಳನ್ನು ನಿಮ್ಮ ಕಥೆಯ ಕಾಲಕ್ಕೆ ನೇರವಾಗಿ ತರಬೇಡಿ. ಪದಗಳಿಗೆ ಕಿಟ್ಟೆಲ್ ನಿಘಂಟು, ಕಣಜ ಮತ್ತು ಅಲರ್ ಜಾಲತಾಣಗಳು ಸಾಕು. ಕೃತಕ ಬುದ್ಧಿಮತ್ತೆ ಕೊಡುವ ಉತ್ತರವನ್ನು ಎಲ್ಲಿ ಹುಡುಕಬೇಕೆಂಬ ಸುಳಿವಿನಂತೆ ಬಳಸಿ. ಮೂಲ ಪುಟವನ್ನು ನೀವೇ ಕಾಣುವ ತನಕ ಅದರ ಒಂದು ಇಸವಿಯನ್ನೂ ಕಥೆಗೆ ಸೇರಿಸಬೇಡಿ.

ಮೊದಲು ವಂಶಾವಳಿಯನ್ನು ಪೂರ್ತಿ ತೆಗೆದುಹಾಕಿ. ಬಳಿಕ ಪ್ರತಿ ದೃಶ್ಯವನ್ನು ಓದುತ್ತಾ ಅಲ್ಲಿ ಏಳುವ ಸಂದೇಹಗಳನ್ನಷ್ಟೇ ಗುರುತಿಸಿಕೊಂಡು ಅವುಗಳಿಗೆ ಮಾತ್ರ ಉತ್ತರ ಹುಡುಕಿ. ಯಾವ ವಿವರ ಯಾವ ಪುಸ್ತಕದ ಯಾವ ಪುಟದ್ದೆಂಬುದನ್ನು ಬೇರೊಂದು ಹಾಳೆಯಲ್ಲಿ ಬರೆದು ಹೊಸ ಪ್ರತಿಯ ಜೊತೆ ಲಗತ್ತಿಸಿ. ಅದು ನನ್ನ ಪರಿಶೀಲನೆಗೆ, ಅಚ್ಚಿಗಲ್ಲ. ಅಜ್ಜಿಯ ಭಾಗವನ್ನು ದಯವಿಟ್ಟು ಮುಟ್ಟಬೇಡಿ.

ವಿಶ್ವಾಸದಿಂದ,
ಸಂಪಾದಕ